ಅದು ಗೋದಾಮೇ ಆಗಿತ್ತು!

ಪತ್ರ: ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬ್ರಾಡ್‌ವೆಲ್‌ನಲ್ಲಿರುವ ಸೇಂಟ್ ಪೀಟರ್ ಚಾಪೆಲ್‌ನ (ಚಿಕ್ಕ ಚರ್ಚಿನ) ಫೋಟೋ ಹಾಕಿ, ‘7ನೇ ಶತಮಾನದ ಕಲ್ಲಿನ ಚಾಪೆಲ್’ ಎಂದು ಬರೆದಿದ್ದೀರಿ. ಗೋಪುರ ಇಲ್ಲ, ಗೋಡೆ ತುಂಬ ತೇಪೆ. ನನಗಂತೂ ನಮ್ಮೂರಿನ ಅಡಿಕೆ ಗೋದಾಮಿನ ಹಾಗೆ ಕಂಡಿತು. ಕಲ್ಲಿನ ಕಟ್ಟಡ ಅಂದಮೇಲೆ ಕೆಂಪು ಇಟ್ಟಿಗೆ ಯಾಕೆ? ಫೋಟೋ ಅದಲುಬದಲಾಯಿತೇ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಫೋಟೋ ಸರಿಯಾಗಿಯೇ ಇದೆ. ನಿಮ್ಮ ಕಣ್ಣೂ ಸರಿಯಾಗಿದೆ. ಅದು ತಲೆಮಾರುಗಟ್ಟಲೆ ಗೋದಾಮೇ ಆಗಿತ್ತು! ರೈತರು ಅಲ್ಲಿ ಕಾಳು ತುಂಬುತ್ತಿದ್ದರು. ಗಾಡಿ ಒಳಗೆ ಬರಲಿ ಅಂತ ಎರಡೂ ಉದ್ದ ಗೋಡೆಗಳನ್ನು ಒಡೆದು ದೊಡ್ಡ ಬಾಗಿಲು ಮಾಡಿದ್ದರು. ಆಮೇಲೆ ಆ ಬಾಗಿಲುಗಳನ್ನು ಮುಚ್ಚಿದರು. ನೀವು ತೇಪೆ ಅಂದಿದ್ದು ಅದನ್ನೇ. 1920ರಲ್ಲಿ ಕಟ್ಟಡ ರಿಪೇರಿಯಾಗಿ, ಮತ್ತೆ ಪ್ರಾರ್ಥನೆ ಶುರುವಾಯಿತು.

ಇಟ್ಟಿಗೆ ವಿಷಯದಲ್ಲಿ ತಪ್ಪು ನಮ್ಮದು. ಸುಮ್ನೆ ‘ಕಲ್ಲಿನ’ ಎಂದು ಬರೆದು ಕೈತೊಳೆದುಕೊಂಡೆವು. ಎಸೆಕ್ಸ್‌ನ ಆ ಕರಾವಳಿ ಜವುಗು ನೆಲ. ಕಟ್ಟಡಕ್ಕೆ ಒಳ್ಳೆಯ ಕಲ್ಲು ಅಲ್ಲಿ ಸಿಗುವುದಿಲ್ಲ. ಆದರೆ 3ನೇ ಶತಮಾನದಲ್ಲಿ ರೋಮನ್ನರು ಅಲ್ಲಿ ಒಥೋನಾ ಎಂಬ ಕೋಟೆ ಕಟ್ಟಿದ್ದರು. ಸುಮಾರು 654ರಲ್ಲಿ, ಉತ್ತರದ ಲಿಂಡಿಸ್‌ಫಾರ್ನ್ ಮಠದಲ್ಲಿ ಕಲಿತಿದ್ದ ಸೆಡ್ ಎಂಬ ಸಂತ ಬಂದಾಗ ಪಾಳುಬಿದ್ದ ಕೋಟೆಯ ಸಾಮಾನು ಕಾಲಬುಡದಲ್ಲೇ ಇತ್ತು. ಕಲ್ಲು, ಇಟ್ಟಿಗೆ ಎಲ್ಲ ಅಲ್ಲಿಂದಲೇ. ಚಾಪೆಲ್ ಎದ್ದಿದ್ದೂ ಕೋಟೆ ಗೋಡೆಯ ಜಾಗದಲ್ಲೇ. ಅದಕ್ಕೇ ಹೆಸರು ‘ಸೇಂಟ್ ಪೀಟರ್ ಆನ್ ದ ವಾಲ್’, ಗೋಡೆ ಮೇಲಿನ ಪೀಟರ್.

ಈಗ ಉಳಿದಿರುವುದು ನಡುವಿನ ಒಂದು ಪೆಟ್ಟಿಗೆ ಮಾತ್ರ. ಸುಮಾರು 15 ಮೀಟರ್ ಉದ್ದ, ಆರೂವರೆ ಮೀಟರ್ ಅಗಲ, ಗೋಡೆ 7 ಮೀಟರ್ ಎತ್ತರ. ಮೊದಲು ಪೂರ್ವಕ್ಕೆ ಅರ್ಧವೃತ್ತದ ಗರ್ಭಗುಡಿಯಂಥ ಭಾಗವಿತ್ತು. ಪಕ್ಕದಲ್ಲಿ ಸಣ್ಣ ಕೋಣೆಗಳು, ಪಶ್ಚಿಮಕ್ಕೆ ಮುಖಮಂಟಪ. ಪೂರ್ವದ ಗೋಡೆಯನ್ನು ಹೊರಗಿನಿಂದ ಹತ್ತಿರ ಹೋಗಿ ನೋಡಬೇಕು. ಒರಟು ಕಲ್ಲಿನ ನಡುವೆ ತೆಳ್ಳಗಿನ ಕೆಂಪು ಇಟ್ಟಿಗೆಗಳು ಬಾಗುತ್ತಾ ಮೇಲೇರಿ, ಅರ್ಧಕ್ಕೇ ನಿಂತುಬಿಡುತ್ತವೆ. ಅದು ಬಿದ್ದುಹೋದ ಕಮಾನಿನ ಬುಡ. ಕಮಾನಿಗೆ ಇಟ್ಟಿಗೆಯೇ ಅನುಕೂಲ, ಕಲ್ಲಿನಷ್ಟು ಕೆತ್ತುವ ಕೆಲಸ ಇರುವುದಿಲ್ಲ.

ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಸೆಡ್ ಉತ್ತರದ ಸಂಪ್ರದಾಯದಲ್ಲಿ ಬೆಳೆದವರು. ಕಟ್ಟಡದ ನಕ್ಷೆ ಮಾತ್ರ ದಕ್ಷಿಣದ ಕೆಂಟ್ ಪ್ರಾಂತ್ಯದ ಚರ್ಚುಗಳದ್ದು. ಅಲ್ಲಿನ ಮೇಸ್ತ್ರಿಗಳನ್ನೇ ಕರೆಸಿದ್ದರೇನೋ!

ಚಾಪೆಲನ್ನು ಗೋದಾಮು ಮಾಡಿದವರ ಮೇಲೆ ಸಿಟ್ಟು ಬರುತ್ತದೆ, ಅಲ್ವಾ? ನನಗೆ ಬರುವುದಿಲ್ಲ. ಒಥೋನಾ ಕೋಟೆಯ ಗತಿ ನೋಡಿ. ಒಂದಿಷ್ಟನ್ನು ಸಮುದ್ರ ನುಂಗಿತು, ಉಳಿದದ್ದು ಮಣ್ಣಡಿ ಸೇರಿತು. ಚಾಪೆಲ್‌ನ ಮೇಲೆ ಮಾತ್ರ ಸೂರು ಉಳಿಯಿತು. ಒಳಗಿದ್ದ ಕಾಳು ನೆನೆಯಬಾರದಿತ್ತಲ್ಲ!

ಒಳಗಿನ ಬಲಿಪೀಠ 1985ರದ್ದು. ಅದರ ಕಂಬದಲ್ಲಿ ಮೂರು ಕಲ್ಲು ಕೂರಿಸಿದ್ದಾರೆ. ಒಂದು ಲಿಂಡಿಸ್‌ಫಾರ್ನ್‌ನದು, ಒಂದು ಆ ಮಠದ ತಾಯಿಮಠ ಅಯೋನಾದ್ದು. ಇನ್ನೊಂದು 664ರಲ್ಲಿ ಪ್ಲೇಗ್ ಬಡಿದು ಸೆಡ್ ತೀರಿಕೊಂಡ ಲಾಸ್ಟಿಂಗ್‌ಹ್ಯಾಮ್‌ನದು.

ಪೂರ್ವದ ಗೋಡೆಯ ಫೋಟೋ ಈ ಸಂಚಿಕೆಯ ಹಿಂದಿನ ರಕ್ಷಾಪುಟದಲ್ಲಿದೆ. ಅರ್ಧಕ್ಕೆ ನಿಂತ ಕೆಂಪು ಇಟ್ಟಿಗೆ ಕಂಡರೆ ಒಂದು ಸಾಲು ಬರೆಯಿರಿ.