ಮಾರ್ಕೆಟ್ ಯಾವ ಊರವನು?

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಆ ಜಮೀನಿಗೆ ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ದರ ನಿಗದಿ ಮಾಡಿತು: ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ ಹೊಲಕ್ಕೆ 30 ಲಕ್ಷ. ಆ ಸುದ್ದಿ ಬಂದ ದಿನ ಬಾಗಲಕೋಟೆಯಲ್ಲಿ ಬಹಳಷ್ಟು ಮನೆಗಳು ಕಾಗದ, ಪೆನ್ನು ಹಿಡಿದು ಕುಳಿತಿರಬೇಕು. ನನಗೆ ಮಾತ್ರ ಎದೆ ಸ್ವಲ್ಪ ಭಾರವಾಯಿತು. ಹಿಂದಿನ ಮುಳುಗಡೆಯ ಹಣ ಮನೆಗಳಲ್ಲಿ ಏನು ಮಾಡಿತು ಎಂಬುದನ್ನು ಆಪ್ತಸಮಾಲೋಚಕಿಯಾಗಿ ನನ್ನ ಕೊಠಡಿಯಲ್ಲಿ ಕುಳಿತು ಕೇಳುತ್ತಲೇ ಇದ್ದೇನೆ. ಇಲ್ಲಿ ಬರೆಯುತ್ತಿರುವ ಪ್ರಕರಣ ಅಂಥ ಒಂದು ಮನೆಯದು. ಮೂವರ ಒಪ್ಪಿಗೆಯೂ ಇದೆ; ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮನೆ ಇರುವುದು ಮುಳುಗಡೆಯವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದ ಒಂದು ಸೆಕ್ಟರಿನಲ್ಲಿ. ತಂದೆ ನಿವೃತ್ತ ಶಾಲಾ ಶಿಕ್ಷಕರು, ಊರೆಲ್ಲ ಕರೆಯುವಂತೆ ನಾನೂ ಅವರನ್ನು ಮಾಸ್ತರರು ಎನ್ನುತ್ತೇನೆ. ಅವರ ತಾಯಿಗೆ ಎಂಬತ್ತು ದಾಟಿದೆ, ಮನೆಯವರಿಗೆಲ್ಲ ಆಯಿ. ಮಗನಿಗೆ 27 ವರ್ಷವಾದರೂ ಅವನನ್ನು ಹುಡುಗ ಎಂದೇ ಬರೆಯುತ್ತೇನೆ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಕೆಲಸ ಹೋದ ಮೇಲೆ ಊರಿಗೆ ಬಂದವನು. ಹಗಲು ಮೊಬೈಲಿನಲ್ಲಿ ಷೇರುಪೇಟೆಯ ಆಪ್ಷನ್ ವ್ಯವಹಾರ, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಹಣ ಕಟ್ಟುವುದು; ರಾತ್ರಿ ನಿದ್ದೆಯಿಲ್ಲ. ಮಾಸ್ತರರು ಅವನನ್ನು ಕರೆತಂದದ್ದು ನಿದ್ದೆಯ ಕಾರಣ ಹೇಳಿ. ಕುಳಿತ ಐದು ನಿಮಿಷದಲ್ಲಿ ನಿಜವಾದ ದೂರು ಹೊರಬಂತು.

‘ದುಡಿಯುವುದಿಲ್ಲ ಮೇಡಂ, ದುಡ್ಡಿನಿಂದ ದುಡ್ಡು ಮಾಡುತ್ತಾನಂತೆ. ಬಂಡವಾಳಶಾಹಿ ನಮ್ಮ ಮನೆಯ ಪಡಸಾಲೆಯಲ್ಲೇ ಮೊಬೈಲ್ ಹಿಡಿದು ಕುಳಿತಿದೆ.’

1980ರಲ್ಲಿ ನರಗುಂದ, ನವಲಗುಂದದ ರೈತ ಬಂಡಾಯ ನಡೆದಾಗ ಮಾಸ್ತರರು ಹೈಸ್ಕೂಲು ಹುಡುಗ. ಆ ಕಾಲದ ಭಾಷೆ ಅವರ ಬಾಯಲ್ಲಿ ಇನ್ನೂ ಇದೆ, ನನಗೆ ಅದರ ಮೇಲೆ ಗೌರವವೂ ಇದೆ. ಆದರೆ ಮಗ ತಲೆ ಎತ್ತದೆ ಕೊಟ್ಟ ಉತ್ತರವನ್ನೂ ಮರೆಯಲಾರೆ: ‘ಅಪ್ಪನಿಗೆ ಮಳೆ ಬಂದರೂ ಪಿಂಚಣಿ, ಬರದಿದ್ದರೂ ಪಿಂಚಣಿ. ಬಂಡವಾಳಶಾಹಿಯನ್ನು ಬಯ್ಯುವುದಕ್ಕೂ ತಿಂಗಳಿಗೊಮ್ಮೆ ಖಾತೆಗೆ ದುಡ್ಡು ಬೀಳಬೇಕು, ಮೇಡಂ.’

ಒರಟು ಮಾತು, ಸುಳ್ಳಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದ ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ ಹಳೆಯ ಪಿಂಚಣಿ ಇಲ್ಲ. ಈ ಮನೆಯ ಹಿರಿಯ ಮಗಳೂ ಶಿಕ್ಷಕಿ, ಆ ದಿನಾಂಕದ ಈಚೆಯವಳು. ಅವಳ ಸಂಬಳದ ಹತ್ತರಲ್ಲೊಂದು ಪಾಲು ಪ್ರತಿ ತಿಂಗಳು ಕಡಿತವಾಗಿ ಹೂಡಿಕೆಗೆ ಹೋಗುತ್ತದೆ, ಅದರಲ್ಲಿ ಒಂದು ಅಂಶ ಷೇರುಗಳಿಗೂ ಹೋಗುತ್ತದೆ. ಅದೇ ಕೆಲಸ, ಅದೇ ಸೀಮೆಸುಣ್ಣ. ತಂದೆ ಮಾರುಕಟ್ಟೆಯಿಂದ ದೂರ ನಿಂತು ಬಯ್ಯಬಹುದು, ಮಗಳಿಗೆ ದೂರ ನಿಲ್ಲಲು ಜಾಗವೇ ಇಲ್ಲ. ಮಕ್ಕಳು ದುರಾಸೆಗೆ ಬಿದ್ದಿದ್ದಾರೆ ಎಂದು ಹಿರಿಯರು ಹೇಳುವಾಗಲೆಲ್ಲ ಈ ಅಕ್ಕ ತಮ್ಮ ನನ್ನ ನೆನಪಿಗೆ ಬರುತ್ತಾರೆ.

ಎರಡನೆಯ ಭೇಟಿಯಲ್ಲಿ ತಪ್ಪು ಮಾಡಿದವಳು ನಾನು. ಅಂಕಿಅಂಶ ಹಿಡಿದು ಕುಳಿತೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರೇ. ಸರಾಸರಿ ನಷ್ಟ ಸುಮಾರು 2 ಲಕ್ಷ. ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡ. ‘ಗೊತ್ತು ಮೇಡಂ. ಓದಿದ್ದೇನೆ. ಉಳಿದ ಏಳರಲ್ಲಿ ನಾನು ಒಬ್ಬ ಎಂದುಕೊಂಡಿದ್ದೆ.’ ಕುಡಿಯುವವನಿಗೆ ಯಕೃತ್ತಿನ ಚಿತ್ರ ತೋರಿಸಿದಂತಾಯಿತು ನನ್ನ ಶ್ರಮ. ಎಷ್ಟು ಹೋಯಿತು ಎಂದು ಕೇಳಿದರೆ ಆರು ಲಕ್ಷ ಎಂದ. ತಂದೆಗೆ ಹೇಳಿದ್ದು ನಾಲ್ಕು. ಎರಡೂ ಸುಳ್ಳು ಎಂದು ನನಗೆ ಅನಿಸಿತ್ತು. ಬದುಕು ಸಾಕೆನಿಸಿದೆಯೇ ಎಂದು ಅಂದೇ ನೇರವಾಗಿ ಕೇಳಿದೆ. ಒಮ್ಮೆ ಅನಿಸಿತ್ತು ಎಂದ. ಮನೋವೈದ್ಯರ ಬಳಿ ಕಳುಹಿಸಿದೆ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ನನ್ನೆದುರಿಗೇ ಅವನ ಮೊಬೈಲಿನಲ್ಲಿ ಬರೆಸಿದೆ.

ಮೂರನೆಯ ಭೇಟಿಗೆ ಆಯಿ ಬಂದದ್ದು ಆಕಸ್ಮಿಕ. ಮಾಸ್ತರರ ಹೆಂಡತಿ ಮಗಳ ಮನೆಗೆ ಹೋಗಿದ್ದರು, ಮುದುಕಿಯೊಬ್ಬರನ್ನೇ ಮನೆಯಲ್ಲಿ ಬಿಡಲಾಗದೆ ಮಾಸ್ತರರು ಕರೆತಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂರಿಸುವುದಾಗಿ ಹೇಳಿದರು. ಒಳಗೇ ಬರಲಿ ಎಂದೆ. ಅದು ಯೋಜನೆಯಲ್ಲ, ಹೊರಗೆ ಬಿಸಿಲಿತ್ತು.

ಆಯಿ ಸ್ವಲ್ಪ ಹೊತ್ತು ಅಪ್ಪ ಮಗನ ಜಗಳ ಕೇಳಿದರು. ಆಮೇಲೆ ಮೊಮ್ಮಗನ ಮೊಬೈಲ್ ಕಡೆ ಕೈ ಮಾಡಿ, ‘ತಮ್ಮಾ, ಇದರಲ್ಲಿ ನೀನು ಕೊಳ್ಳುವುದು ಏನು? ಹತ್ತಿಯೋ, ಬೆಲ್ಲವೋ?’ ಎಂದು ಕೇಳಿದರು.

ಹುಡುಗ ವಿವರಿಸಲು ನೋಡಿದ. ಸೂಚ್ಯಂಕ ಎಂದ, ವಾರದ ಗಡುವು ಎಂದ, ಮೇಲೆ ಹೋಗುತ್ತದೆ ಎಂದು ಕಟ್ಟುವುದು, ಕೆಳಗೆ ಬರುತ್ತದೆ ಎಂದು ಕಟ್ಟುವುದು ಎಂದ. ಆಯಿಗೆ ಅರ್ಥವಾಗಲಿಲ್ಲ ಎಂದುಕೊಂಡೆ. ಅರ್ಧದಷ್ಟು ಆಗಲೇ ಅರ್ಥವಾಗಿತ್ತು.

‘ಗೆದ್ದ ದಿನ ಬರುವ ದುಡ್ಡು ಯಾರದು?’

‘ಮಾರ್ಕೆಟ್‌ನದು ಆಯಿ.’

‘ಮಾರ್ಕೆಟ್ ಎಂದರೆ ಯಾರು? ಯಾವ ಊರವನು?’

ಮಾಸ್ತರರಿಗೆ ನಗು ಬಂತು. ಹುಡುಗನಿಗೆ ಬರಲಿಲ್ಲ. ಅವನು ಸೆಬಿ ವರದಿಯನ್ನು ನನಗಿಂತ ಚೆನ್ನಾಗಿ ಓದಿದ್ದ ಎಂಬುದು ಆಗ ತಿಳಿಯಿತು. 2023-24ರಲ್ಲಿ ಈ ವ್ಯವಹಾರದಲ್ಲಿ ಸ್ವಂತ ಹಣ ಹೂಡುವ ದೊಡ್ಡ ಸಂಸ್ಥೆಗಳು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು 28 ಸಾವಿರ ಕೋಟಿ ಲಾಭ ಮಾಡಿದ್ದಾರೆ, ಖರ್ಚು ಕಳೆಯುವ ಮೊದಲು. ಹೆಚ್ಚುಕಡಿಮೆ ಅಷ್ಟೂ ಕಂಪ್ಯೂಟರ್ ಪ್ರೋಗ್ರಾಂಗಳು ತಾವೇ ನಡೆಸಿದ ವಹಿವಾಟಿನಿಂದ. ಇದನ್ನೆಲ್ಲ ಅವನು ಆಯಿಗೆ ಒಂದೇ ವಾಕ್ಯದಲ್ಲಿ ಹೇಳಿದ: ‘ಯಾವ ಊರವನೂ ಅಲ್ಲ ಆಯಿ, ಬಹಳ ಸಲ ಎದುರಿಗೆ ಯಂತ್ರ ಇರುತ್ತದೆ.’

ಆಯಿ ತಲೆಯಾಡಿಸಿದರು. ತಮ್ಮ ಗಂಡ ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುತ್ತಿದ್ದುದನ್ನು ನೆನೆದರು. ಅಡತಿ ಅಂಗಡಿಯವನು ತೂಕದಲ್ಲಿ ಹೊಡೆಯುತ್ತಿದ್ದನಂತೆ. ‘ಆದರೆ ಅವನ ಮನೆ ನಮಗೆ ಗೊತ್ತಿತ್ತು. ಹೋಗಿ ಬಾಗಿಲಲ್ಲಿ ನಿಂತು ಬಯ್ಯಬಹುದಿತ್ತು. ಮಗಳ ಮದುವೆಗೆ ಅವನೂ ಬಂದಿದ್ದ.’ ಹಳೆಯ ಪೇಟೆ ಧರ್ಮದ ಪೇಟೆಯಾಗಿತ್ತು ಎಂದು ಆಯಿ ಹೇಳಲಿಲ್ಲ, ನಾವೂ ಹಾಗೆ ಓದಿಕೊಳ್ಳಬಾರದು. ಬಯ್ಯಲು ಒಂದು ಬಾಗಿಲು ಇತ್ತು ಎಂದರು, ಅಷ್ಟೆ.

ಮಾಸ್ತರರು ಇದನ್ನು ತಮ್ಮ ಗೆಲುವೆಂದು ತಿಳಿದರು. ‘ಕೇಳಿದೆಯಾ? ಅದಕ್ಕೇ ಸರ್ಕಾರಿ ನೌಕರಿಗೆ ಓದು ಎಂದೆ...’ ಎಂದು ಶುರು ಮಾಡಿದರು.

ಆಯಿ ಮಗನ ಕಡೆ ತಿರುಗಿದರು. ‘ನಮ್ಮ ಹೊಲಕ್ಕೆ ರೇಟು ಕಟ್ಟಿದವನು ಯಾವ ಊರವನು? ಅವನ ಮುಖವನ್ನು ನಾನು ನೋಡಿದೆನೇ? ನೋಟಿಸು ಬಂತು, ನೀರು ಬಂತು.’

ಆ ಮನೆಯಲ್ಲಿ ಮೂವತ್ತು ವರ್ಷಗಳಿಂದ ಆಡದೆ ಉಳಿದ ಮಾತು ಅದು. ಸರ್ಕಾರ ಮಾಸ್ತರರಿಗೆ ಅನ್ನ ಕೊಟ್ಟಿದೆ, ಅವರ ತಾಯಿಯ ಹೊಲವನ್ನು ತೆಗೆದುಕೊಂಡಿದೆ. ಎರಡೂ ಒಂದೇ ಮನೆಯಲ್ಲಿ ನಡೆದಿವೆ. ಮೊದಲನೆಯದನ್ನು ಮಾತ್ರ ಅವರು ಮಕ್ಕಳಿಗೆ ಹೇಳುತ್ತಾ ಬಂದಿದ್ದರು. ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಏನಾದರೂ ಹೇಳಬೇಕಿತ್ತೇನೋ. ಹೇಳಲಿಲ್ಲ. ಒಳ್ಳೆಯದಾಯಿತು, ಏಕೆಂದರೆ ಆಯಿ ಇನ್ನೂ ಮುಗಿಸಿರಲಿಲ್ಲ.

‘ತಮ್ಮಾ, ನಮ್ಮದು ಹನ್ನೆರಡು ಎಕರೆ ಹೋಯಿತು. ನಿನ್ನದು ಎಷ್ಟು ಹೋಯಿತು?’

ಬೀಗರ ಮನೆಯಲ್ಲಿ ಬೆಳೆಯ ಬಗ್ಗೆ ವಿಚಾರಿಸುವ ದನಿಯಲ್ಲಿ ಕೇಳಿದರು. ಹುಡುಗ ಹದಿನಾಲ್ಕು ಲಕ್ಷ ಎಂದ. ಐದು ಅವನ ಸ್ವಂತ ಉಳಿತಾಯ, ನಾಲ್ಕು ಆ್ಯಪ್‌ಗಳಿಂದ ಪಡೆದ ಸಾಲ. ಉಳಿದ ಐದು? ಮುಳುಗಿದ ಹೊಲಕ್ಕೆ ಕೋರ್ಟಿನಿಂದ ಬಂದ ಹೆಚ್ಚುವರಿ ಪರಿಹಾರ ಆಯಿಯ ಖಾತೆಯಲ್ಲಿತ್ತು, ಆ ಖಾತೆಯ ಮೊಬೈಲ್ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಅವನೇ. ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

‘ಅದೂ ಮುಳುಗಿತೇ?’ ಎಂದರು.

ಹುಡುಗ ಅತ್ತದ್ದು ಆಗ. ಅಳು ನಿಂತ ಮೇಲೆ ಒಂದು ಹಾಳೆ ಕೊಟ್ಟು ಎಲ್ಲವನ್ನೂ ಬರೆಸಿದೆ: ಯಾರಿಗೆ, ಎಷ್ಟು, ಯಾವ ಬಡ್ಡಿ. ಅಲ್ಲಿಯವರೆಗೆ ಆ ಮೊತ್ತ ಅವನ ತಲೆಯೊಳಗೆ ಮಾತ್ರ ಇತ್ತು, ದಿನಕ್ಕೊಂದು ಅಂಕಿಯಾಗಿ.

ಇನ್ನು ನಾನು ಕೊಟ್ಟ ಸಲಹೆ. ಇದರಲ್ಲಿ ಎರಡನ್ನು ನನ್ನ ವೃತ್ತಿಯ ಸ್ನೇಹಿತರು ಒಪ್ಪಿಲ್ಲ.

ಆಪ್ಷನ್ ವ್ಯವಹಾರದ ವಿಭಾಗವನ್ನು ಖಾತೆಯಲ್ಲಿ ಅಂದೇ ನಿಷ್ಕ್ರಿಯಗೊಳಿಸಲು ಹೇಳಿದೆ. ಬ್ರೋಕರ್ ಕಂಪನಿಗಳ ಆ್ಯಪ್‌ಗಳಲ್ಲಿ ಅದಕ್ಕೆ ಅವಕಾಶವಿದೆ. ಆಯಿಯ ಖಾತೆಯ ಉಸ್ತುವಾರಿ ಅಕ್ಕನಿಗೆ ಹೋಯಿತು. ಇವುಗಳ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಷೇರುಪೇಟೆಯ ಹೆಸರನ್ನೇ ಎತ್ತುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿಸಬೇಕು ಎಂದು ಮಾಸ್ತರರು ಹಠ ಹಿಡಿದಾಗ ನಾನು ತಡೆದೆ. ಇದು ಚಟ, ಚಟಕ್ಕೆ ಪೂರ್ತಿ ನಿಲುಗಡೆಯೇ ಮದ್ದು ಎನ್ನುವ ಸಹೋದ್ಯೋಗಿಗಳ ವಾದಕ್ಕೆ ಬಲವಿದೆ. ಆಪ್ಷನ್ ಮಟ್ಟಿಗೆ ನಾನೂ ಅದನ್ನೇ ಹೇಳಿದ್ದು. ಆದರೆ ಈ ಹುಡುಗ ಮುಂದೆ ಎಲ್ಲಿಯೇ ಕೆಲಸಕ್ಕೆ ಸೇರಲಿ, ಅವನ ಮುಪ್ಪಿನ ಹಣ ಮಾರುಕಟ್ಟೆಯನ್ನು ಹಾದೇ ಬರಬೇಕು. ಅಕ್ಕನದು ಈಗಾಗಲೇ ಹಾಗಾಗಿದೆ. ದೀರ್ಘಕಾಲದ ಹೂಡಿಕೆಗೂ ವಾರದ ಪಣಕ್ಕೂ ಇರುವ ಅಂತರವನ್ನು ಅವನು ಕಲಿಯಬೇಕು. ಆಣೆ ಅದನ್ನು ಕಲಿಸುವುದಿಲ್ಲ, ಮುರಿದ ದಿನ ಇನ್ನೊಂದು ಸುಳ್ಳನ್ನು ಹುಟ್ಟಿಸುತ್ತದೆ. ನಾನು ತಪ್ಪಿರಬಹುದು. ಆದರೂ ಮತ್ತೊಂದು ಮನೆ ಬಂದರೆ ಇದನ್ನೇ ಹೇಳುತ್ತೇನೆ.

ಎರಡನೆಯದು ಸಾಲದ ವಿಷಯ. ಮಾಸ್ತರರು ನವನಗರದ ನಿವೇಶನ ಮಾರಿ ಎಲ್ಲವನ್ನೂ ಒಮ್ಮೆಗೇ ತೀರಿಸಲು ಸಿದ್ಧರಿದ್ದರು. ಬೇಡ ಎಂದೆ. ಆ್ಯಪ್‌ಗಳ ನಾಲ್ಕು ಲಕ್ಷವನ್ನು ಮಾತ್ರ ತಂದೆ ಕಟ್ಟಲಿ, ಅದೂ ಬರೆದಿಟ್ಟ ಕೈಸಾಲವಾಗಿ. ಆಯಿಯ ಐದು ಲಕ್ಷವನ್ನು ಹುಡುಗ ದುಡಿದು ತಿಂಗಳು ತಿಂಗಳು ತಾನೇ ಆಯಿಯ ಕೈಗೆ ಕೊಡಲಿ. ‘ನಾಲ್ಕು ಲಕ್ಷವನ್ನಾದರೂ ಏಕೆ ಕಟ್ಟಿಸಿದಿರಿ, ಚಟಕ್ಕೆ ನೀರೆರೆದಂತಲ್ಲವೇ?’ ಎಂದು ಒಬ್ಬರು ಕೇಳಿದರು. ಬಡ್ಡಿಯ ಮೇಲೆ ಬಡ್ಡಿ ಏರುತ್ತಿರುವಾಗ, ವಸೂಲಿಯವರು ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡಿ ಸೋದರಮಾವನ ಮನೆಗೂ ಸುದ್ದಿ ಮುಟ್ಟಿಸುತ್ತಿರುವಾಗ, ಸಾಯುವ ಯೋಚನೆ ಒಮ್ಮೆ ಬಂದುಹೋದ ಹುಡುಗನಿಗೆ ‘ನೀನೇ ಅನುಭವಿಸು’ ಎಂದು ಪಾಠ ಹೇಳುವ ಧೈರ್ಯ ನನಗಿಲ್ಲ. ಪಾಠಕ್ಕೆ ಆಯಿಯ ಐದು ಲಕ್ಷ ಸಾಕು.

ಮಾಸ್ತರರಿಗೂ ಒಂದು ಕೆಲಸ ಕೊಟ್ಟೆ: ಮೂರು ತಿಂಗಳು ಮನೆಯಲ್ಲಿ ‘ಬಂಡವಾಳಶಾಹಿ’ ಎಂಬ ಪದ ಆಡಬಾರದು. ಬಹಳ ಕಷ್ಟವಾಯಿತಂತೆ. ನನ್ನ ತಕರಾರು ಅವರ ವಿಚಾರದ ಮೇಲಲ್ಲ. ಆ ಪದ ಊಟದ ತಟ್ಟೆಯ ಮುಂದೆ ಬಂದಾಗ ಹುಡುಗನಿಗೆ ಕೇಳಿಸುತ್ತಿದ್ದುದು ‘ನೀನು ಕಳ್ಳ’ ಎಂದು. ನಾಲ್ಕನೆಯ ಭೇಟಿಯ ಕೊನೆಗೆ ಅವರೊಬ್ಬರೇ ಉಳಿದು ಇನ್ನೊಂದು ವಿಷಯ ಹೇಳಿದರು. ನಿವೃತ್ತಿಯ ಹಣದಲ್ಲಿ ಮೂರು ಲಕ್ಷವನ್ನು ಹೆಚ್ಚು ಬಡ್ಡಿಯ ಆಸೆಗೆ ಒಂದು ಸೌಹಾರ್ದ ಪತ್ತಿನ ಸಹಕಾರಿಯಲ್ಲಿ ಠೇವಣಿ ಇಟ್ಟಿದ್ದರು, ಅವಧಿ ಮುಗಿದು ವರ್ಷವಾದರೂ ಕೈಗೆ ಬಂದಿಲ್ಲ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಇಂಥ ಸಹಕಾರಿಗಳಿಗೆ ಅನ್ವಯಿಸುವುದಿಲ್ಲ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಮನೆಯಲ್ಲಿ ಹೇಳಿದ್ದೀರಾ ಎಂದೆ. ಇಲ್ಲ ಎಂದರು. ಮಗನ ಹಾಳೆಯಲ್ಲಿ ಕೆಳಗೆ ಜಾಗ ಉಳಿದಿದೆ ಎಂದೆ. ಸುಮ್ಮನೆ ಎದ್ದು ಹೋದರು. ಬರೆದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಹುಡುಗ ಈಗ ಹನಿ ನೀರಾವರಿ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾನೆ. ಸಂಬಳ ಬೆಂಗಳೂರಿನದರ ಅರ್ಧವೂ ಇಲ್ಲ. ಕಳೆದ ತಿಂಗಳು ಅವನ ಫೋನ್ ಬಂತು. ಗೆಳೆಯನ ಖಾತೆಯಲ್ಲಿ ಒಂದು ಸಲ ಕಟ್ಟಿ 3,200 ರೂಪಾಯಿ ಕಳೆದುಕೊಂಡನಂತೆ. ಅಂದು ರಾತ್ರಿಯೇ ಆಯಿಯ ಹತ್ತಿರ ಹೋಗಿ ಹೇಳಿದ್ದಾನೆ.

‘ಎಷ್ಟು ಎಕರೆ?’ ಎಂದು ಕೇಳಿದರಂತೆ.

ಎಕರೆಗೆ 40 ಲಕ್ಷದಂತೆ ಗುಂಟೆಗೆ ಒಂದು ಲಕ್ಷ. ಇವನು ಅಲ್ಲಿಯೇ ನಿಂತು ಲೆಕ್ಕ ಹಾಕಿದ್ದಾನೆ. ‘ಎರಡು ಹೊರಸು ಹಾಕುವಷ್ಟು ಜಾಗ, ಆಯಿ.’

‘ಹಾಗಾದರೆ ಹೋಗಿ ಮಲಗು’ ಎಂದರಂತೆ.