ಸೇಟು ಮಜೂರಿ ಬಿಟ್ಟರೆ ತಪ್ಪೇನು?

ಪ್ರಶ್ನೆ: ನಾನು ಕೇಂದ್ರ ಜಿಎಸ್‌ಟಿ ಇನ್‌ಸ್ಪೆಕ್ಟರ್, ಗ್ರೂಪ್ ಬಿ. ಮಗಳ ಮದುವೆಗೆ ಒಡವೆ ಮಾಡಿಸಬೇಕು. ನಮ್ಮ ರೇಂಜಿಗೇ, ಅಂದರೆ ನಮ್ಮ ಕಚೇರಿ ವ್ಯಾಪ್ತಿಗೇ, ಸೇರಿದ ಅಂಗಡಿಯ ಸೇಟು 'ಮಜೂರಿ, ವೇಸ್ಟೇಜ್ ಬ್ಯಾಡ್ರಿ ಸಾಹೇಬ್ರ, ಮದುವಿ ಉಡುಗೊರೆ ಅಂತ ತಿಳ್ಕೊರಿ' ಅನ್ನುತ್ತಾರೆ. ಬಂಗಾರದ ದುಡ್ಡು ಪೂರ್ತಿ ಕೊಡುತ್ತೇನೆ. ಬೇಕಾದರೆ ಬಿಲ್ ಹೆಂಡತಿ ಹೆಸರಿಗೆ ಮಾಡಿಸುತ್ತೇನೆ. ತಪ್ಪಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಪ್ಪೇ ಸ್ವಾಮಿ. ಅದೇ ಅಂಗಡಿಗೆ ಒಬ್ಬ ಮೇಷ್ಟ್ರು ಹೋಗಲಿ, ಸೇಟು ಮಜೂರಿ ಬಿಡ್ತಾರಾ? ಶ್ರಾವಣದ ಆಫರು ಅಂತ ಬೋರ್ಡು ಹಾಕಿ ಎಲ್ಲರಿಗೂ ಬಿಟ್ಟಿದ್ದರೆ ಅದು ವ್ಯಾಪಾರ. ನಿಮಗೊಬ್ಬರಿಗೇ ಬಿಟ್ಟರೆ ಅದು ನಿಮ್ಮ ಕುರ್ಚಿಗೆ ಸಿಕ್ಕಿದ್ದು.

1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 13ನೇ ನಿಯಮದ ಪ್ರಕಾರ, ದುಡ್ಡಿನ ಯಾವ ಅನುಕೂಲವಾದರೂ ಉಡುಗೊರೆಯೇ. ಮದುವೆಗೆ ವಿನಾಯಿತಿ ಇದೆ, ನಿಜ. ಆದರೆ ಅದು ಹತ್ತಿರದ ನೆಂಟರು ಮತ್ತು ನಿಮ್ಮ ಕಚೇರಿ ಕೆಲಸಕ್ಕೆ ಸಂಬಂಧವಿಲ್ಲದ ಗೆಳೆಯರು ಕೊಟ್ಟದ್ದಕ್ಕೆ ಮಾತ್ರ. ಅವರು ಕೊಟ್ಟಿದ್ದೂ ಗ್ರೂಪ್ ಬಿಯವರಿಗೆ 15,000 ದಾಟಿದರೆ ಇಲಾಖೆಗೆ ತಿಳಿಸಬೇಕು. ಸೇಟು ಈ ಎರಡೂ ಪಟ್ಟಿಯಲ್ಲಿಲ್ಲ, ಅವರ ರಿಟರ್ನ್ಸು ನಿಮ್ಮ ಟೇಬಲ್ ಮೇಲಿದೆ. ಹೆಂಡತಿ ಹೆಸರಿನ ಉಪಾಯವೂ ನಡೆಯೋದಿಲ್ಲ. ಮನೆಯವರು ತೆಗೆದುಕೊಳ್ಳಲು ಬಿಡುವುದೂ ಅದೇ ನಿಯಮದಲ್ಲಿ ಬರುತ್ತದೆ. ನಾಳೆ ವಿಜಿಲೆನ್ಸ್‌ನವರು ಬಂದರೆ ಮೊದಲು ಕೇಳುವುದೇ ಆ ಬಿಲ್. ತೂಕ ಇದೆ, ದರ ಇದೆ, ಮಜೂರಿಯ ಎದುರು ಮಾತ್ರ ಸೊನ್ನೆ! ಏನು ಹೇಳ್ತೀರಿ?

'5,000ದ ಒಳಗಿದ್ದರೆ ಪರವಾಗಿಲ್ಲ' ಅಂತ ಕ್ಯಾಂಟೀನಿನಲ್ಲಿ ಹೇಳುವವರು ಇರ್ತಾರೆ. ಅದು ಮದುವೆಯಂಥ ಸಂದರ್ಭ ಬಿಟ್ಟು ಉಳಿದ ಉಡುಗೊರೆಗೆ ನಡತೆ ನಿಯಮ ಹಾಕಿದ ಗೆರೆ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಆ ಗೆರೆ ಇಲ್ಲ. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಸಿಕ್ಕಿಬೀಳುತ್ತಾರೆ, ಇದನ್ನು ಸೇಟುಗೂ ಹೇಳಿ.

ಜಾಸ್ತಿ ಜನ ಮರೆಯುವುದು ಅದೇ ನಡತೆ ನಿಯಮಗಳ 18ನೇ ನಿಯಮವನ್ನು. ಎರಡು ತಿಂಗಳ ಮೂಲ ವೇತನ ದಾಟುವ ಒಡವೆ ಕೊಂಡರೆ ಒಂದು ತಿಂಗಳೊಳಗೆ ಇಲಾಖೆಗೆ ತಿಳಿಸಬೇಕು. ಮಾರುವವರು ನಿಮ್ಮ ಕಚೇರಿ ವ್ಯವಹಾರದವರಾದರೆ ಮೊದಲೇ ಅನುಮತಿ ಬೇಕು, ಮಜೂರಿ ಪೂರ್ತಿ ಕೊಟ್ಟರೂ ಅಷ್ಟೇ. ಈಗಿನ ಬಂಗಾರದ ರೇಟಿನಲ್ಲಿ ಒಂದು ಸರ ಸಾಕು, ಆ ಮಿತಿ ದಾಟುತ್ತದೆ. ಸುಮ್ನೆ ನಿಮ್ಮ ರೇಂಜಿಗೆ ಸೇರದ ಅಂಗಡಿಗೆ ಹೋಗಿ, ಚೌಕಾಸಿ ಮಾಡಿ, ಪಕ್ಕಾ ಬಿಲ್ ತಗೊಳ್ಳಿ.

ಪ್ರಶ್ನೆ: ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗ್ರೂಪ್ ಸಿ ನೌಕರಳು. ಗ್ರೂಪ್ ಎ ಸಾಹೇಬರ ಬೀಳ್ಕೊಡುಗೆ ಪಾರ್ಟಿಗೆ ತಲಾ 500 ಕೊಡಿ ಅಂತಿದ್ದಾರೆ. ಇಲ್ಲ ಅನ್ನಬಹುದಾ?
– ಒಬ್ಬ ಓದುಗಿ, ಮೈಸೂರು

ಉತ್ತರ: ಧಾರಾಳವಾಗಿ ಅನ್ನಿ ತಾಯಿ. ಸಾಹೇಬರ ಸತ್ಕಾರಕ್ಕೆ ಗ್ರೂಪ್ ಸಿಯವರಿಂದ ಚಂದಾ ಎತ್ತುವುದನ್ನೇ ಅದೇ ನಡತೆ ನಿಯಮಗಳ 14ನೇ ನಿಯಮ ನಿಷೇಧಿಸಿದೆ. ಪಟ್ಟಿ ಹಿಡಿದು ಬಂದವರಿಗೆ ಆ ಪುಟ ತೋರಿಸಿ.