ಮಗುವಿನ ಕಾರಿಗೆ ದೊಡ್ಡ ಬ್ಯಾಟರಿ ಬೇಕೇ?

ಪ್ರಶ್ನೆ: ನನ್ನ ನಾಲ್ಕು ವರ್ಷದ ಮೊಮ್ಮಗಳು ಕುಳಿತು ಓಡಿಸುವ 6 ವೋಲ್ಟ್ ಆಟಿಕೆ ಕಾರು ನಮ್ಮ ಅಂಗಳದ ಏರನ್ನು ಹತ್ತುವುದಿಲ್ಲ. ಅದಕ್ಕೆ 12 ವೋಲ್ಟ್ ಬ್ಯಾಟರಿ ಜೋಡಿಸಬಹುದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಜೋಡಿಸಿದರೆ ಕಾರು ಓಡುತ್ತದೆ, ಆದರೆ ಬಹಳ ದಿನ ಓಡಲಾರದು. ಡಿ.ಸಿ. ಮೋಟಾರಿನ ವೇಗವು ವೋಲ್ಟೇಜಿನೊಂದಿಗೆ ಏರುವುದರಿಂದ ಕಾರಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏರಿನಲ್ಲಿ ಚಕ್ರ ಸಿಕ್ಕಿಕೊಂಡು ನಿಂತಾಗಲಂತೂ ಮೋಟಾರಿನಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾಗಿ, ಅದರ ಸುರುಳಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಮುರಿಯುತ್ತವೆ, ಇಲ್ಲವೇ ಮೋಟಾರು ಸುಡುತ್ತದೆ. ಇಂತಹ ಎಷ್ಟೋ ಕಾರುಗಳಿಗೆ ಪ್ರತ್ಯೇಕ ಬ್ರೇಕ್ ಇರುವುದಿಲ್ಲ ಎಂಬುದನ್ನು, ನಿಮ್ಮ ಅಂಗಳಕ್ಕೆ ಏರಿದ್ದಂತೆ ಇಳಿಜಾರೂ ಇದೆಯಾದ್ದರಿಂದ, ವಿಶೇಷವಾಗಿ ಗಮನಿಸಬೇಕು.

ಮೊದಲು ಹಳೆಯ ಬ್ಯಾಟರಿಯನ್ನೇ ಪರೀಕ್ಷಿಸಿ. ಸೀಸ-ಆಮ್ಲದ ಬ್ಯಾಟರಿಯನ್ನು ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಇಟ್ಟರೆ ಅದು ಶಕ್ತಿಗುಂದುತ್ತದೆ. ನನ್ನ ಅನುಮಾನವೂ ಅದರ ಮೇಲೆಯೇ. ಚಕ್ರ ಜಾರುತ್ತಿದ್ದರೆ ಅದರ ಸುತ್ತ ರಬ್ಬರ್ ಪಟ್ಟಿ ಬಿಗಿಯಿರಿ. ಇಷ್ಟಾದರೂ ಸಾಲದಿದ್ದರೆ ಮೋಟಾರು, ಗೇರ್‌ಪೆಟ್ಟಿಗೆ, ಸ್ವಿಚ್ಚು, ಚಾರ್ಜರ್ ಎಲ್ಲವನ್ನೂ 12 ವೋಲ್ಟಿಗೆ ಬದಲಿಸಿ, ದಪ್ಪ ತಂತಿ ಎಳೆಸಿ, ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ.